ಗೇರುಬೀಜ “ಹೆಕ್ಕಿ ತೆಗೆದ” ಪಾಯಸ: ಅಲರ್ಜಿ ಇರುವ ಮಕ್ಕಳ ಅಪ್ಪ ಅಮ್ಮಂದಿರು ದಯವಿಟ್ಟು ಓದಿ

ನನ್ನ ಮಗಳಿಗೆ ಏಳು ವರ್ಷ. ಗೇರುಬೀಜ ಆಗುವುದಿಲ್ಲ. ಆಗುವುದಿಲ್ಲ ಅಂದರೆ ಇಷ್ಟ ಇಲ್ಲ ಅಂತ ಅಲ್ಲ. ಒಂದು ಚೂರು ಬಾಯಿಗೆ ಹೋದರೂ ತುಟಿ ಊದುತ್ತದೆ, ಮೈಯೆಲ್ಲ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ. ಪಿಸ್ತಾವೂ ಬೇಡ ಅಂದಿದ್ದಾರೆ ಡಾಕ್ಟರು, ಎರಡೂ ಒಂದೇ ಸಸ್ಯ ಕುಟುಂಬದವಂತೆ.

ನಾವಿರುವುದು ಕಾಸರಗೋಡಿನಲ್ಲಿ. ಇಲ್ಲಿ ಗೇರು ಮರ ಇಲ್ಲದ ಗುಡ್ಡ ಯಾವುದಿದೆ ಹೇಳಿ. ಅದಕ್ಕೇ ಜೂನ್‌ನಲ್ಲಿ ಶಾಲೆ ಶುರುವಾದ ದಿನವೇ ಡಾಕ್ಟರ ಪತ್ರ ಕೊಟ್ಟೆ. ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ ಅಂತ ಎರಡನೇ ಸಾಲಿನಲ್ಲೇ ಇತ್ತು. ಸುಮ್ನೆ ತುರಿಕೆ ಆದರೆ ಕೊಡಲಿಕ್ಕೆ ಸಿಟ್ರಿಜಿನ್ ಅನ್ನುವ ಅಲರ್ಜಿ ಮದ್ದನ್ನೂ ಕೊಟ್ಟಿಟ್ಟಿದ್ದೆ. “ನಾವು ನೋಡಿಕೊಳ್ತೇವೆ ಅಕ್ಕ, ಹೆದರಬೇಡಿ” ಅಂದರು ಟೀಚರ್. ನಾನು ನಂಬಿದೆ.

ಓಣಂ ರಜೆಗೆ ಮುಂಚಿನ ದಿನ ಶಾಲೆಯಲ್ಲಿ ಪೂಕಳಂ ಅನ್ನುವ ಹೂವಿನ ರಂಗೋಲಿ, ಓಣಂ ಊಟ, ಎಲ್ಲ ಇರುತ್ತದೆ ಅಲ್ವಾ. ಬೆಳಿಗ್ಗೆಯೇ ಫೋನ್ ಮಾಡಿ ಕೇಳಿದೆ, ಪಾಯಸಕ್ಕೆ ಗೇರುಬೀಜ ಹಾಕಿದ್ದೀರಾ ಅಂತ. ಟೀಚರ್ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ಇಲ್ಲ ಅಕ್ಕ, ಅವಳಿಗೆ ಗೇರುಬೀಜ ಇಲ್ಲದ್ದೇ ಕೊಡುದು.”

ಗೇರುಬೀಜ ಇಲ್ಲದ್ದು! ಬೇರೆ ಪಾತ್ರೆಯಲ್ಲಿ ಮಾಡಿದ್ದಾರೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನಡೆದದ್ದು ಏನು ಗೊತ್ತಾ? ಎಲ್ಲರಿಗೂ ಮಾಡಿದ ಸೇಮಿಗೆ ಪಾಯಸವನ್ನೇ ಅವಳ ಸ್ಟೀಲ್ ಲೋಟಕ್ಕೆ ಹಾಕಿದ್ದಾರೆ. ತುಪ್ಪದಲ್ಲಿ ಗೇರುಬೀಜ ಹುರಿದು, ಆ ತುಪ್ಪವನ್ನೂ ಸೇರಿಸಿ ಮಾಡಿದ ಪಾಯಸ. ಆಮೇಲೆ ಚಮಚದಲ್ಲಿ ಮೇಲೆ ಕಂಡ ತುಂಡುಗಳನ್ನು ಹೆಕ್ಕಿ ತೆಗೆದಿದ್ದಾರೆ. ಹೆಕ್ಕಿ ತೆಗೆದರೆ ಮುಗಿಯಿತಾ? ನಾನು ಹೋದಾಗ ಆ ಲೋಟ ಬೆಂಚಿನ ಮೇಲೇ ಇತ್ತು. ತಳದಲ್ಲಿ ಸೇಮಿಗೆಗೆ ಅಂಟಿಕೊಂಡು ಅರ್ಧ ಗೇರುಬೀಜ, ಕೆಂಪಗೆ ಹುರಿದದ್ದು. ಕಣ್ಣಾರೆ ನೋಡಿದೆ.

ಫೋನ್ ಬಂದದ್ದೂ ತಡವಾಗಿ. “ಸ್ವಲ್ಪ ತುರಿಸ್ತಾ ಉಂಟಂತೆ, ಸಿಟ್ರಿಜಿನ್ ಕೊಟ್ಟಿದ್ದೇವೆ, ಗಡಿಬಿಡಿ ಮಾಡಬೇಡಿ.” ಹೋಗಿ ನೋಡಿದರೆ ಮಗುವಿನ ತುಟಿ ಊದಿಕೊಂಡಿದೆ, ಸ್ವರ ಒಡೆದಿದೆ, ಕೆಮ್ಮು ನಿಲ್ಲುತ್ತಿಲ್ಲ. ಅರ್ಧ ಗಂಟೆಯಿಂದ ಹಾಗೇ ಇದ್ದಳಂತೆ. ಅರ್ಧ ಗಂಟೆ! ಯಾರೋ ಮಂಗಳೂರಿಗೆ ಒಯ್ಯಿರಿ ಅಂದರು. ಒಂದು ಗಂಟೆಯ ದಾರಿ ಅದು. ನಾನು ಆಟೋ ಹತ್ತಿಸಿ ಹತ್ತಿರದ ಆಸ್ಪತ್ರೆಗೇ ಓಡಿಸಿದೆ. ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಸರಿಯಾಯಿತು. ಕೆಲವು ಗಂಟೆ ಬಿಟ್ಟು ಮತ್ತೆ ಕಾಣಿಸಿಕೊಳ್ಳಬಹುದು ಅಂತ ರಾತ್ರಿ ಅಲ್ಲೇ ಇರಿಸಿಕೊಂಡರು. ಡಾಕ್ಟರು ನನಗೇ ಬೈದರು, ಇಂಥದ್ದಕ್ಕೆ ಸಿಟ್ರಿಜಿನ್ ನಂಬಿ ಕೂರುವುದಾ ಅಂತ. ನಾನೇನು ಹೇಳಲಿ?

ರಜೆ ಕಳೆದು ಶಾಲೆಗೆ ಹೋದೆ. ಹೆಡ್ಮಾಷ್ಟ್ರು ಹೇಳಿದ್ದು: “ನೋಡಿ ಅಮ್ಮ, ಒಂದು ಚೂರಿಗೆ ಇಷ್ಟೆಲ್ಲ ಆಗ್ತದಾ? ನಾವೆಲ್ಲ ಗೇರುಬೀಜ ಸುಟ್ಟು ತಿಂದೇ ಬೆಳೆದವರು.” ಟೀಚರ್ ಹೇಳಿದ್ದು: “ಸೊನೆ ತಾಗಿದ ಹಾಗೆ ಸ್ವಲ್ಪ ತುರಿಸುದು ಅಂತ ಗ್ರಹಿಸಿದೆ.” ಸಿಪ್ಪೆಯ ಸೊನೆ ಚರ್ಮ ಸುಡುವುದು ಬೇರೆ, ಬೀಜವೇ ಮೈಗೆ ಆಗದಿರುವುದು ಬೇರೆ. ಇದನ್ನೇ ಅಲ್ವಾ ನಾನು ಜೂನ್‌ನಲ್ಲಿ ಹೇಳಿದ್ದು? ಕೊನೆಗೆ, “ಅಷ್ಟು ಹೆದರಿಕೆ ಇದ್ದರೆ ನೀವೇ ಬುತ್ತಿ ಕಳಿಸಬಹುದಿತ್ತು.” ಬೆಳಿಗ್ಗೆ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಕಳಿಸುತ್ತಿರಲಿಲ್ಲವೇ?

ಪತ್ರ ಎಲ್ಲಿ ಅಂತ ಕೇಳಿದೆ. ಫೈಲಿನಲ್ಲಿತ್ತು. ಕವರ್ ಒಡೆದಿರಲೇ ಇಲ್ಲ. ನಾನು ಹೊಡೆದ ಪಿನ್ ಹಾಗೇ ಇತ್ತು.

ಅಡುಗೆಯವರು ಮಾತ್ರ ನನ್ನ ಕೈ ಹಿಡಿದು ಅತ್ತರು. ಅಂಡಿಪರಿಪ್ಪು, ಅಂದರೆ ಗೇರುಬೀಜ, ಅವಳಿಗೆ ಆಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ. ಅವರಿಗೆ ಮಲಯಾಳ ಮಾತ್ರ ಬರುತ್ತದೆ, ನನ್ನ ಪತ್ರ ಇಂಗ್ಲಿಷಿನಲ್ಲಿತ್ತು.

ಆದ್ದರಿಂದ ಹೇಳುತ್ತಿದ್ದೇನೆ. ಟೀಚರ್‌ಗೆ ಹೇಳಿ ಬಿಡಬೇಡಿ, ಅಡುಗೆಯವರ ಹತ್ತಿರ ನೀವೇ ಹೋಗಿ, ಅವರ ಭಾಷೆಯಲ್ಲೇ ಹೇಳಿ. ಪತ್ರ ನಿಮ್ಮ ಎದುರೇ ಓದಿಸಿ. “ಹಾಕಿಲ್ಲ” ಅಂದರೆ ಯಾವ ಪಾತ್ರೆ, ಯಾವ ತುಪ್ಪ, ಯಾವ ಸೌಟು ಅಂತ ಕೇಳಿ, ಕಿರಿಕಿರಿ ಅಂದುಕೊಂಡರೂ ಪರವಾಗಿಲ್ಲ. ಪ್ಯಾಕೆಟ್ ತಿಂಡಿಯ ಮೇಲಾದರೂ ಬರೆದಿರುತ್ತದೆ, ಶಾಲೆಯ ಪಾಯಸದ ಮೇಲೆ ಬರೆದಿರುವುದಿಲ್ಲ. ತಾನೇ ಚುಚ್ಚಿಕೊಳ್ಳುವ ಅಡ್ರಿನಾಲಿನ್ ಪೆನ್ ನಮಗಂತೂ ಇಲ್ಲಿನ ಮೆಡಿಕಲ್‌ಗಳಲ್ಲಿ ಸಿಗಲಿಲ್ಲ. ಹಾಗಾಗಿ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆ ಅಂತ ಮೊದಲೇ ವಿಚಾರಿಸಿಡಿ. 108ಕ್ಕೆ ಫೋನ್ ಮಾಡಬೇಕು ಅಂತ ಶಾಲೆಯವರಿಗೂ ಹೇಳಿಡಿ.

ಆದದ್ದನ್ನೆಲ್ಲ ಬರೆದು, ಈ ಸಲ ಕನ್ನಡದಲ್ಲಿ, ಶಾಲೆಗೂ ಪಿಟಿಎಗೂ (ಹೆತ್ತವರ ಮತ್ತು ಟೀಚರ್‌ಗಳ ಸಂಘ) ಕೊಟ್ಟಿದ್ದೇನೆ. “ನೋಡುವ” ಅಂದಿದ್ದಾರೆ. ಮಗಳು ಈಗ ಮನೆಯಲ್ಲಿ ನಾನು ಕೊಟ್ಟ ಪಾಯಸವನ್ನೂ ಮೊದಲು ಚಮಚದಲ್ಲಿ ತಳದವರೆಗೆ ಕೆದಕಿ ನೋಡುತ್ತಾಳೆ.