ಅಂಜುಬುರುಕ ಬೆಕ್ಕಿಗೆ ಬೇರೆ ಕೋಣೆಯೋ, ಪಂಜರವೋ?

ಮುಂಬೈ ಬಳಿಯ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಈಗಾಗಲೇ ಒಂದು ಬೆಕ್ಕಿದೆ. ಬೀದಿಯಿಂದ ತಂದ ಅಂಜುಬುರುಕ ಇನ್ನೊಂದು ಬಂದರೆ, ಮೊದಮೊದಲು ಬೇರೆ ಇಡಲು ದಾರಿ ಎರಡೇ. ಬೆಡ್‌ರೂಮ್ ಬಿಟ್ಟುಕೊಡಿ, ಇಲ್ಲವೇ ಹಾಲ್‌ನಲ್ಲಿ ದೊಡ್ಡ ಪಂಜರ ಇಡಿ. (ಬಾತ್‌ರೂಮ್ ಬೇಡ: ಒದ್ದೆ ನೆಲ, ಫ್ಲಶ್ ಸದ್ದು.)

ಆಗುವುದಾದರೆ ಕೋಣೆಯೇ ಸರಿ. ಮುಚ್ಚಿದ ಬಾಗಿಲಿನ ಹಿಂದೆ 2 ವಾರ ಕ್ವಾರಂಟೈನೂ ಆಗುತ್ತದೆ, ನೋಟಕ್ಕಿಂತ ಮೊದಲು ವಾಸನೆಯ ಪರಿಚಯವೂ ಆಗುತ್ತದೆ. ಒಂದರ ಕೆನ್ನೆ ಒರೆಸಿದ ಬಟ್ಟೆಯನ್ನು ಇನ್ನೊಂದು ಓಡಾಡುವ ಕಡೆ ಇಡಿ. ಬಾಗಿಲಿನ ಎರಡೂ ಬದಿ ಊಟ ಹಾಕಿ. ಎರಡೂ ಗುರುಗುಟ್ಟದೆ ತಿಂದರಷ್ಟೇ ಮರುದಿನ ತಟ್ಟೆ ಒಂದು ಗೇಣು ಹತ್ತಿರ ಸರಿಸಿ. ಆಮೇಲೆ ಜಾಲರಿ ಬಾಗಿಲು, ಒಂದನ್ನೊಂದು ನೋಡಲು. ಸೊಳ್ಳೆ ಪರದೆಯ ನೈಲಾನ್ ಉಗುರಿಗೆ ನಿಲ್ಲುವುದಿಲ್ಲ, ಸ್ಟೀಲ್ ಜಾಲರಿಯೇ ಬೇಕು.

ಪಂಜರ ಜಾಗ ಉಳಿಸುತ್ತದೆ, ಅಷ್ಟೇ. ಹಳೆಯ ಬೆಕ್ಕು ಎದುರಿಗೇ ಕೂತು ದಿಟ್ಟಿಸುತ್ತದೆ, ಹೊಸದಕ್ಕೆ ಓಡಲು ದಾರಿಯಿಲ್ಲ, ಊಟ ಬಿಡುತ್ತದೆ. ಸೋಂಕೂ ತಡೆಯದು, ಹಾಗಾಗಿ ಪಶುವೈದ್ಯರ ತಪಾಸಣೆ ಮುಗಿಸಿಯೇ ತನ್ನಿ. ಅನಿವಾರ್ಯವಾದರೆ 4 ಅಡಿ ಉದ್ದದ್ದು, ಮೂರು ಬದಿಗೆ ಬೆಡ್‌ಶೀಟ್, ಒಳಗೆ ಅಡಗಲು ರಟ್ಟಿನ ಡಬ್ಬ, ಊಟದಿಂದ ದೂರ ಲಿಟರ್ ಟ್ರೇ (ಮಲಮೂತ್ರದ ತಟ್ಟೆ). 24 ಗಂಟೆ ಏನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ.