ಕೋವಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ

ತೋಟಕ್ಕೆಂದು ಹಳೆ ರೈಫಲ್ ಕೊಳ್ಳಲು ಹೊರಟಿರುವ ತೀರ್ಥಹಳ್ಳಿ, ಹೊಸನಗರ ಕಡೆಯವರು ಇದನ್ನು ಓದಿ ಆಮೇಲೆ ಹೋಗಿ. ನನಗೆ ಹೋಗಿದ್ದು ದುಡ್ಡು, ನಲವತ್ತು ಅಡಿಕೆ ಸಸಿ, ಜೊತೆಗೆ ಎಡಗಾಲು ಉಳುಕಿ ಮೂರು ವಾರ ಜಗಲಿಯಲ್ಲೇ ಕೂತಿದ್ದೆ. ಇಷ್ಟಕ್ಕೇ ಮುಗಿಯಿತಲ್ಲ ಅಂತ ಮನೆಯವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ನಮ್ಮದು ಅಪ್ಪನ ಕಾಲದ ಬೆಳೆ ರಕ್ಷಣೆ ಲೈಸೆನ್ಸ್. ಮೊದಲಿದ್ದದ್ದು ಒಂಟಿ ನಳಿಗೆಯ ಹನ್ನೆರಡು ಬೋರ್ ಕೋವಿ. ಅದು ಸವೆದು ಕೀಲೆಲ್ಲ ಅಲುಗಾಡುತ್ತಿತ್ತು. ಬೇರೆ ಹುಡುಕುವಾಗ ಒಬ್ಬರು .315 ರೈಫಲ್ ತೋರಿಸಿದರು. ಯಾರು, ಎಲ್ಲಿ ಅಂತ ಹೇಳುವುದಿಲ್ಲ. ಕರಿಮರದ ಹಾಗೆ ಹೊಳೆಯುವ ಹಿಡಿ, ಅದಕ್ಕೊಂದು ಹಿತ್ತಾಳೆ ಬಿಲ್ಲೆ. "ಸ್ವಾಮಿ, ಇದು ಹಿಮಾಲಯದ ಹಿಮದಲ್ಲೂ ಕೈ ಕೊಡದ ಜಾತಿ. ನಿಮ್ಮ ಮಲೆನಾಡಿನ ಮಳೆ, ಚಳಿ ಯಾವ ಲೆಕ್ಕ" ಅಂದರು. ನಾನು ಬಿಲ್ಲೆ ನೋಡಿದೆ. ಬೋಲ್ಟ್, ಅಂದರೆ ತೋಟಾ ಹಾಕಲು ತೆಗೆಯಲು ಕೈಯಿಂದ ಎಳೆಯುವ ಕೊಳವೆ, ಅದನ್ನು ಬಿಚ್ಚಿ ನೋಡಲಿಲ್ಲ. ಒಂದು ಈಡೂ ಹೊಡೆದು ನೋಡಲಿಲ್ಲ.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ತಮಾಷೆ ಇರುವುದು ಅಲ್ಲೇ. ಈ .315 ಹಳೆ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ರೈಫಲಿನ ಮನೆತನದ್ದು. ಸೇನೆಯ .303 ನಮ್ಮಂಥವರು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಸರ್ಕಾರಿ ಕಾರ್ಖಾನೆಯವರು ಅದೇ ಮಾದರಿಯನ್ನು ಬೇರೆ ಅಳತೆಯ ತೋಟಾಕ್ಕೆ ಮಾಡಿ ಕೊಡುತ್ತಾ ಬಂದರು. ಕೆನಡಾದ ಉತ್ತರದ ಹಿಮದಲ್ಲಿ ಕಾವಲು ತಿರುಗುವ ಕೆನಡಿಯನ್ ರೇಂಜರ್ಸ್ ಪಡೆ 1947ರಲ್ಲಿ ಶುರುವಾಯಿತು. ಹತ್ತಿರ ಹತ್ತಿರ 70 ವರ್ಷ ಅವರ ಹೆಗಲ ಮೇಲೆ ಇದ್ದದ್ದು ಲೀ-ಎನ್‌ಫೀಲ್ಡ್. ಅಂದಮೇಲೆ ಜಾತಿಯಲ್ಲಿ ದೋಷ ಇಲ್ಲ. ನನ್ನ ಕೈಗೆ ಬಂದ ಕೋವಿಯ ಹೊಟ್ಟೆಯೊಳಗೆ ಏನಿತ್ತು ಅನ್ನುವುದೇ ಬೇರೆ ಕತೆ.

ಮಳೆಗಾಲ ಬಂತು. ಆಗುಂಬೆ ಕಡೆಯ ಮಳೆ ಗೊತ್ತಲ್ಲ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ. ಗೋಡೆಗೆ ಒರಗಿಸಿಟ್ಟ ಕತ್ತಿ ಎರಡು ದಿನಕ್ಕೆ ಕೆಂಪಾಗುತ್ತದೆ. ಕೋವಿಗೆ ತುಕ್ಕು ಹಿಡಿಯಬಾರದು ಅಂತ ನಾನು ವಾರಕ್ಕೊಮ್ಮೆ ಬೋಲ್ಟಿನ ಸಂದಿಗೆಲ್ಲ ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ಅಪ್ಪನೂ ಹಾಗೇ ಮಾಡುತ್ತಿದ್ದರು. ಅವರ ಕೋವಿಗೆ ಹೊರಗೆ ಕಾಣುವ ಕುದುರೆ (ಬಡಿಯುವ ಸುತ್ತಿಗೆ) ಇತ್ತು, ಒರೆಸಿದರೆ ಮುಗಿಯಿತು. ಇದರಲ್ಲಿ ತೋಟಾದ ಹಿಂಬದಿಗೆ ಬಡಿಯುವ ಸೂಜಿ ಮತ್ತು ಅದರ ಸ್ಪ್ರಿಂಗ್ ಬೋಲ್ಟಿನ ಕೊಳವೆಯೊಳಗೆ ಅಡಗಿ ಕೂತಿರುತ್ತವೆ. ಒಳಗೆ ಹೋದ ಎಣ್ಣೆ ಒಳಗೇ. ಆ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ.

ಡಿಸೆಂಬರ್ ಕೊನೆ. ಬೆಳಗಿನ ಜಾವ ನಾಲ್ಕೂವರೆ ಇರಬಹುದು. ನಾಯಿ ಒಂದೇ ಸಮ ಬೊಗಳುತ್ತಿತ್ತು. ಕಂಬಳಿಕೊಪ್ಪೆ ಹಾಕಿಕೊಂಡು ಟಾರ್ಚು, ಕೋವಿ ಹಿಡಿದು ತೋಟಕ್ಕಿಳಿದೆ. ಹೊಸ ಸಸಿ ಇಟ್ಟ ಕಡೆ ಕಾಟಿ, ಅಂದರೆ ಕಾಡುಕೋಣ, ನಿಂತಿತ್ತು. ಒಂಟಿ. ಮೂವತ್ತು ಹೆಜ್ಜೆ ದೂರ. ಕಾಲಿನ ಬಿಳಿ ಕಾಲುಚೀಲ ಮಾತ್ರ ಸ್ಪಷ್ಟ ಕಾಣುತ್ತಿತ್ತು, ಮೇಲಿದ್ದದ್ದೆಲ್ಲ ಬರೀ ಕತ್ತಲೆ, ಅದರ ಮೂಗಿಂದ ಹೊಗೆ. ಕೊಲ್ಲುವ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅದೂ ಬೇಡ, ಅಂಥ ಪ್ರಾಣಿಯನ್ನು ಕೊಲ್ಲಲು ಮನಸ್ಸಾದರೂ ಬರಬೇಕಲ್ಲ. ಸದ್ದಿಗೆ ಹೆದರಿ ಓಡಲಿ ಅಂತ ಪಕ್ಕದ ಮಣ್ಣಿನ ದರೆಗೆ ಗುರಿ ಹಿಡಿದು ಒತ್ತಿದೆ.

ಟಕ್.

ಅಷ್ಟೇ. ಬೋಲ್ಟ್ ಎಳೆದೆ, ತೋಟಾ ಹಾರಿ ಕೆಸರಿಗೆ ಬಿತ್ತು. ಎರಡನೆಯದು. ಟಕ್. ಮೂರನೆಯದೂ ಅದೇ. ಕಾಟಿ ಈ ಕಡೆ ತಿರುಗಿತು. ನಾನು ಹಿಂದೆ ಹಿಂದೆ ಹೋಗುತ್ತಾ ಬಸಿಗಾಲುವೆಗೆ ಬಿದ್ದೆ. ಅದಕ್ಕೆ ನನ್ನ ಮೇಲೆ ಕೋಪವೇನೂ ಇರಲಿಲ್ಲ ಅಂತ ಕಾಣುತ್ತದೆ. ಗದ್ದೆ ಕಡೆಗೆ ನಿಧಾನ ನಡೆದು ಹೋಯಿತು, ಸಸಿ ತುಳಿದುಕೊಂಡೇ.

ತಂಗಿ ಮಗ ಸೇನೆಯಲ್ಲಿದ್ದು ನಿವೃತ್ತಿಯಾದವನು. ಉತ್ತರದ ಹಿಮದಲ್ಲಿ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ, ಎರಡು ಚಳಿಗಾಲ ಕಳೆದಿದ್ದಾನೆ. ಸುದ್ದಿ ಕೇಳಿ ಬಂದ. ಮೊದಲು ಕೇಳಿದ್ದು ಕಾಲಿನ ಬಗ್ಗೆ ಅಲ್ಲ. "ಮಾವ, ಟಕ್ ಅಂದ ಕೂಡ್ಲೇ ಬೋಲ್ಟ್ ಎಳೆದ್ಯಾ?" ಹೌದು ಅಂದೆ. ತಲೆ ಚಚ್ಚಿಕೊಂಡ. ಕೆಲವು ಸಲ ಮದ್ದು ತಡವಾಗಿ ಹೊತ್ತಿಕೊಳ್ಳುತ್ತದಂತೆ. ಆಗ ಬೋಲ್ಟ್ ತೆರೆದಿದ್ದರೆ ಎಲ್ಲ ಮುಖಕ್ಕೇ. ನಳಿಗೆಯನ್ನು ದರೆ ಕಡೆಗೇ ಹಿಡಿದು ಕಡಿಮೆ ಅಂದರೂ ಒಂದು ನಿಮಿಷ ಕಾಯಬೇಕಿತ್ತು. ಕಾಟಿ ಎದುರಿಗಿದ್ದಾಗ ಒಂದು ನಿಮಿಷ ಎಷ್ಟು ಉದ್ದ ಅಂತ ಅವನಿಗೆ ಹೇಳಿದೆ. "ಮುಖ ಹೋದ್ಮೇಲೆ ಇನ್ನೂ ಉದ್ದ" ಅಂದ.

ಕೆಸರಿಂದ ಹೆಕ್ಕಿ ತಂದ ತೋಟಾಗಳನ್ನು ಬೆಳಕಿಗೆ ಹಿಡಿದು ತೋರಿಸಿದ. ತೋಟಾದ ಹಿಂಬದಿಯಲ್ಲಿ ಮದ್ದು ಹೊತ್ತಿಸುವ ಕೇಪಿನ ಮೇಲೆ ಆಳವಾದ ಗುಳಿ ಬೀಳಬೇಕು. ಇಲ್ಲಿ ಉಗುರಿನಿಂದ ಒತ್ತಿದಷ್ಟು ಗುರುತು. ಸೂಜಿ ಹೊಡೆದಿಲ್ಲ, ಸುಮ್ನೆ ಮುಟ್ಟಿದೆ.

ಆ ಬೋಲ್ಟಿನ ಸೂಜಿ ತೆಗೆಯಲು ಬೇರೆಯದೇ ಸಾಧನ ಬೇಕು. ಅವನು ಪೇಟೆಯ ಲೇತ್ ಅಂಗಡಿಯಲ್ಲಿ ಒಂದು ಕೊಳವೆ ಕೊರೆಸಿಕೊಂಡು ಬಂದ. ಜಗಲಿಯಲ್ಲಿ ಪೇಪರ್ ಹಾಸಿ, ಬೆಳಗಿನ ಚಳಿಯಲ್ಲೇ ಬಿಚ್ಚಿದ. ಸೂಜಿಯ ಸುತ್ತ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ. ಅದರ ಕೆಳಗೆ ಜೋನಿಬೆಲ್ಲದ ಬಣ್ಣದ ಹಳೆ ಗ್ರೀಸ್, ಅದರಲ್ಲೊಂದು ಸತ್ತ ಇರುವೆ. ಸ್ಪ್ರಿಂಗಿನ ಸುತ್ತುಗಳ ನಡುವೆಯೂ ಅದೇ. ಮಾರಿದವರು ವರ್ಷಾನುಗಟ್ಟಲೆ ಅದನ್ನು ಬಿಚ್ಚಿಯೇ ಇಲ್ಲ. ನಾನು ಅದರ ಮೇಲೆ ಇನ್ನಷ್ಟು ಸುರಿದೆ.

ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ತಲೆಗೆ ಹಚ್ಚುವ ಬಾಟಲಿಯನ್ನು ಬಚ್ಚಲ ಒಲೆ ಹತ್ತಿರ ಇಡುವವರು ನಾವೇ ಅಲ್ವಾ? ಆದರೂ ಕೋವಿಯೊಳಗೆ ಅದೇ ಆಗುತ್ತದೆ ಅಂತ ಯೋಚಿಸಲಿಲ್ಲ. ಅಂಟಿನಲ್ಲಿ ಸೂಜಿ ಓಡುವುದಿಲ್ಲ, ತೆವಳುತ್ತದೆ.

ಅತಿ ಚಳಿಯ ಕಡೆ ಎಂಥ ಒಳ್ಳೆ ಗ್ರೀಸಿಗೂ ಇದೇ ಗತಿಯಂತೆ, ಡಿಗ್ರಿ ಮಾತ್ರ ಬೇರೆ. 1941ರ ಚಳಿಗಾಲದಲ್ಲಿ ರಷ್ಯಾಕ್ಕೆ ನುಗ್ಗಿದ ಜರ್ಮನ್ ಸೈನಿಕರ ಬಂದೂಕುಗಳಲ್ಲಿ ಎಣ್ಣೆ ಹೆಪ್ಪುಗಟ್ಟಿ ಗುಂಡು ಹಾರದೆ ಹೋದದ್ದು ಇತಿಹಾಸದಲ್ಲೇ ಇದೆ. ತಂಗಿ ಮಗ ಹೇಳುವಂತೆ ಅಲ್ಲಿ ಬೋಲ್ಟಿನ ಒಳಗನ್ನು ಪೂರ್ತಿ ಒಣಗಿಸಿ ಒರೆಸುತ್ತಾರೆ. ಹಾಕಿದರೂ ಚಳಿಗೆಂದೇ ಮಾಡಿದ ತೆಳು ಎಣ್ಣೆ, ಒಂದು ಪದರ. ಕೋವಿಯನ್ನು ಬೆಚ್ಚಗಿನ ಟೆಂಟಿನೊಳಗೆ ತರುವುದಿಲ್ಲ. ತಂದರೆ ಲೋಹ ಬೆವರುತ್ತದೆ, ಮತ್ತೆ ಹೊರಗೆ ಒಯ್ದರೆ ಆ ಬೆವರೇ ಮಂಜುಗಡ್ಡೆ. ನಾನು ಚಳಿಯಲ್ಲಿ ತಿರುಗಿ ಬಂದು ಕೋವಿಯನ್ನು ಒಲೆ ಪಕ್ಕ ಒರಗಿಸುತ್ತಿದ್ದೆ, ಬೆಚ್ಚಗಿರಲಿ ಅಂತ! ನಮ್ಮಲ್ಲಿ ಮಂಜುಗಡ್ಡೆ ಆಗುವುದಿಲ್ಲ, ತುಕ್ಕು ಆಗುತ್ತದೆ.

ಅಲ್ಲಿ ನಳಿಗೆಯ ಬಾಯಿಗೆ ಹಿಮ ಹೊಕ್ಕಿದ್ದಾಗ ಗುಂಡು ಹೊಡೆದರೆ ನಳಿಗೆ ಒಡೆಯಬಹುದು. ಅದಕ್ಕೇ ಬಾಯಿಗೆ ತೆಳು ಟೇಪು ಸುತ್ತುತ್ತಾರೆ. ನಮ್ಮಲ್ಲಿ ಹಿಮ ಇಲ್ಲ, ಕುಂಬಾರ ಹುಳ ಇದೆ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ನಳಿಗೆಯೊಳಗೆ ಅದು ಮಣ್ಣಿನ ಗೂಡು ಕಟ್ಟಿದರೆ ಪರಿಣಾಮ ಒಂದೇ. ತೋಟಾ ಹಾಕುವ ಮೊದಲು ಬೋಲ್ಟ್ ತೆಗೆದು ನಳಿಗೆಯಲ್ಲಿ ಆಕಾಶ ಕಾಣುತ್ತದಾ ನೋಡಿ.

ಹೊರದೇಶದ ಹಿಮದಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನೊಬ್ಬ ಕಾಡಿಗೆ ಹೋಗಲು ಯಾವ ರೈಫಲ್ ತೆಗೆದುಕೊಳ್ಳಲಿ ಅಂತ ತಂಗಿ ಮಗನನ್ನೇ ಕೇಳಿದ್ದ. ಇವನು ಹೆಸರು ಹೇಳಲಿಲ್ಲ. ಕೈಯಿಂದ ಎಳೆಯುವ ಬೋಲ್ಟ್ ಇರಲಿ, ತಾನಾಗಿ ತುಂಬಿಕೊಳ್ಳುವುದು ಬೇಡ, ಚಳಿಯಲ್ಲಿ ಅದರ ಸಣ್ಣ ಸಣ್ಣ ಭಾಗಗಳು ಕೈ ಕೊಡುತ್ತವೆ ಅಂದ. ದಪ್ಪ ಗ್ಲೌಸ್ ಹಾಕಿಕೊಂಡೇ ಅಂಗಡಿಗೆ ಹೋಗು, ಟ್ರಿಗರಿಗೆ ಬೆರಳು ಹೋಗುತ್ತದಾ ನೋಡು ಅಂದ. ರೇಂಜರ್ಸ್‌ಗೆ ಈಗ ಬಂದಿರುವ ಸಿ-19 ರೈಫಲ್ ಫಿನ್ಲೆಂಡಿನ ಟಿಕ್ಕಾ ಮಾದರಿಯದು. ಅದರ ಟ್ರಿಗರಿನ ಸುತ್ತಿನ ಬಳೆಯನ್ನು ಇದಕ್ಕೇ ದೊಡ್ಡದು ಮಾಡಿದ್ದಾರೆ. ಪ್ಲಾಸ್ಟಿಕ್ ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ಬಗ್ಗೆಯೂ ಎಚ್ಚರಿಸಿದ. 1999ರ ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ನಮ್ಮ ಸೇನೆಯ ಇನ್ಸಾಸ್ ರೈಫಲಿನ ಮ್ಯಾಗಜೀನ್ ಚಳಿಗೆ ಬಿರುಕು ಬಿಟ್ಟ ಸುದ್ದಿ ಪೇಪರಿನಲ್ಲೂ ಬಂದಿತ್ತು. ಬೇಸಿಗೆಯಲ್ಲಿ ಗುರಿ ಹೊಂದಿಸಿದ್ದರೆ ಚಳಿಯಲ್ಲಿ ಮತ್ತೆ ಹೊಂದಿಸಬೇಕು, ಯಾಕಂದರೆ ಮದ್ದಿನ ವೇಗ ತಗ್ಗಿ ಗುಂಡು ಕೆಳಗೆ ಬೀಳುತ್ತದೆ.

ನನಗೆ ಮಾತ್ರ ಬೇರೆಯೇ ಹೇಳಿದ. "ಸದ್ದು ಮಾಡೋಕೆ ನಿಂಗೆ ರೈಫಲ್ ಯಾಕೆ ಮಾವ?" ಹನ್ನೆರಡು ಬೋರಿನ ಚರೆ ಇನ್ನೂರು ಮುನ್ನೂರು ಮೀಟರಿಗೆ ಬೀಳುತ್ತದೆ, ಇದರ ಗುಂಡು ದರೆ ತಪ್ಪಿದರೆ ಪಕ್ಕದ ಊರಿಗೆ. ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಬಿಲ್ಲೆ ಚೆನ್ನಾಗಿತ್ತು ಅಂತ ಹೇಳಲಾಗುತ್ತದಾ?

ಇನ್ನೊಂದು. ಚುನಾವಣೆ ಬಂದಾಗ ಸಾಮಾನ್ಯವಾಗಿ ಕೋವಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. ನಾನು ರೆಕ್ಸಿನ್ ಚೀಲದಲ್ಲಿ ಹಾಕಿ, ಜಿಪ್ ಎಳೆದು ಕೊಟ್ಟಿದ್ದೆ. ವಾಪಸ್ ಬಂದಾಗ ನಳಿಗೆ ತುಂಬ ಚುಕ್ಕಿ ಚುಕ್ಕಿ ತುಕ್ಕು. ಠಾಣೆಯವರ ತಪ್ಪಲ್ಲ, ಒದ್ದೆ ಗಾಳಿಯನ್ನು ಒಳಗೇ ಕಟ್ಟಿ ಕೊಟ್ಟವನು ನಾನು. ಹತ್ತಿ ಬಟ್ಟೆಯ ಚೀಲ ಹೊಲಿಸಿ, ಕೊಡುವ ಮೊದಲು ನಳಿಗೆಗೆ ಬಂದೂಕಿನ ಎಣ್ಣೆ ಒರೆಸಿ.

ಕೊಳ್ಳುವಾಗ ನಳಿಗೆಯ ನಂಬರ್ ಮಾರುವವರ ಲೈಸೆನ್ಸಿನಲ್ಲಿ ಇದೆಯಾ, ನಿಮ್ಮ ಲೈಸೆನ್ಸಿನಲ್ಲಿ ಯಾವ ಆಯುಧಕ್ಕೆ ಅನುಮತಿ ಇದೆ, ಎರಡನ್ನೂ ನೋಡಿ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಆಯುಧ. ಹಳೆಯದು ಮನೆಯಲ್ಲಿದ್ದರೆ ಲೆಕ್ಕ ಹಾಕಿಕೊಳ್ಳಿ.

ಹಿತ್ತಾಳೆ ಬಿಲ್ಲೆಯ ಇನ್ನೊಂದು ರೈಫಲ್ ನಮ್ಮ ಕಡೆ ಮಾರಾಟಕ್ಕಿದೆಯಂತೆ, ಅದೇ ಹಿಮಾಲಯದ ಕತೆಯ ಸಮೇತ. ಹೋಗುವವರು ಮಧ್ಯಾಹ್ನ ಹೋಗಬೇಡಿ, ಬೆಳಿಗ್ಗೆ ಆರು ಗಂಟೆಗೆ ಹೋಗಿ. ಬೋಲ್ಟ್ ಬಿಚ್ಚಿ ಸೂಜಿ ತೋರಿಸಿ ಅನ್ನಿ. "ಬಿಸಿಲು ಬರಲಿ, ಆಮೇಲೆ ನೋಡೋಣ, ಕಾಫಿ ಕುಡಿಯಿರಿ" ಅಂದರೆ ಕಾಫಿ ಕುಡಿದು ವಾಪಸ್ ಬನ್ನಿ.