ಕಾಸರಗೋಡಿನ ರೇಷನ್ ಅಂಗಡಿ: ಅಕ್ಕಿಗೆ ನಾಲ್ಕು ಸ್ಟಾರ್, ಯಂತ್ರಕ್ಕೆ ಎರಡು

ಉಪ್ಪಳ, ಕುಂಬಳೆ, ಪೆರ್ಲ, ಮುಳ್ಳೇರಿಯ ಕಡೆಯ ರೇಷನ್ ಅಂಗಡಿಗಳಲ್ಲಿ ಸಿಗುವ ಸೇವೆ ಹೆಚ್ಚುಕಮ್ಮಿ ಒಂದೇ ತರಹ. ಕೇರಳದಲ್ಲಿ ಬಡ ಮನೆಗಳಿಗೆ ಕೊಡುವ ಪಿಂಕ್ (ಆದ್ಯತಾ ವರ್ಗದ) ಕಾರ್ಡಿಗೆ ತಲೆಗೆ ತಿಂಗಳಿಗೆ 4 ಕಿಲೋ ಅಕ್ಕಿ, 1 ಕಿಲೋ ಗೋಧಿ, ಎರಡೂ ಉಚಿತ. ಐದು ಜನರ ಮನೆಗೆ 20 ಕಿಲೋ ಅಕ್ಕಿ ಬಂತು. ಪೇಟೆಯಲ್ಲಿ ಕಿಲೋಗೆ 40 ರೂಪಾಯಿ ಎಂದು ಹಿಡಿದರೂ 800 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಬೀಡಿ ಕಟ್ಟುವ, ಅಡಿಕೆ ಸುಲಿಯುವ ಮನೆಗಳಲ್ಲಿ ಆ ದುಡ್ಡೇ ಮಕ್ಕಳ ಬಸ್ಸಿಗೆ, ಅಜ್ಜಿಯ ಬಿಪಿ ಮಾತ್ರೆಗೆ.

ಗುಣಮಟ್ಟ ಪರವಾಗಿಲ್ಲ. ಕುಚ್ಚಲಕ್ಕಿ ಬಂದ ತಿಂಗಳು ಬೇಗ ಹೋಗಬೇಕು. ತಡವಾದರೆ ಬೆಳ್ತಿಗೆ (ಬಿಳಿ ಅಕ್ಕಿ) ಮಾತ್ರ ಉಳಿದಿರುತ್ತದೆ. ಅದು ದೋಸೆಗೆ ಆದೀತು, ಗಂಜಿಗೆ ಆಗದು. ಹಳೆ ದಾಸ್ತಾನಿನ ವಾಸನೆ ಇದ್ದರೆ ಮೂರು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಸಿಡಿ.

ತೊಂದರೆ ಇರುವುದು ಬೆರಳಚ್ಚು ನೋಡಿ ಬಿಲ್ಲು ಕೊಡುವ ಇ-ಪೋಸ್ ಯಂತ್ರದಲ್ಲಿ. ಅಡಿಕೆಯ ಕಲೆ ಹಿಡಿದ, ಬೀಡಿ ಎಲೆಯಲ್ಲಿ ಸವೆದ ಹೆಬ್ಬೆರಳನ್ನು ಅದು ಓದುವುದಿಲ್ಲ. ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೇರೆ ಬೆರಳು ಇಟ್ಟು ನೋಡಿ. ಆಗದಿದ್ದರೆ ಒಟಿಪಿ ಕೇಳಿ. ಅದಕ್ಕೆ ಕಾರ್ಡಿಗೆ ಸೇರಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಹಳೆ ಸಿಮ್ ಬಿಸಾಡಿದವರು ಮೊದಲು ಅಕ್ಷಯ ಕೇಂದ್ರಕ್ಕೆ (ಸರ್ಕಾರಿ ಆನ್‌ಲೈನ್ ಸೇವೆಯ ಕೇಂದ್ರ) ಹೋಗಿ ನಂಬರ್ ಬದಲಿಸಿಕೊಳ್ಳಲಿ. ತಿಂಗಳ ಕೊನೆಗೆ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಸರ್ವರ್ ನಿಂತುಬಿಡುತ್ತದೆ. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿರುವ ತೂಕಕ್ಕೂ ಚೀಲದ ತೂಕಕ್ಕೂ ತಾಳೆ ನೋಡಿ.

"ಬಿಟ್ಟಿ ಅಕ್ಕಿಯಿಂದ ಬಡತನ ಹೋಗುತ್ತದಾ, ಆ ದುಡ್ಡು ಸೇನೆಗೆ ಹಾಕಿದರೆ ಹುಡುಗರಿಗೆ ಕೆಲಸವಾದರೂ ಸಿಗುತ್ತದೆ" ಎಂಬ ಮಾತು ಇದೇ ಕ್ಯೂನಲ್ಲಿ ಕೇಳಿಬರುತ್ತದೆ. ಲೆಕ್ಕ ಹೀಗಿದೆ: 2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ, ಆಹಾರ ಸಬ್ಸಿಡಿಗೆ ಸುಮಾರು 2.03 ಲಕ್ಷ ಕೋಟಿ, ಉದ್ಯೋಗ ಖಾತರಿಗೆ 86,000 ಕೋಟಿ. ರಕ್ಷಣೆಯ ಮೊತ್ತದಲ್ಲಿ 1.6 ಲಕ್ಷ ಕೋಟಿ ನಿವೃತ್ತರ ಪಿಂಚಣಿಗೇ ಹೋಗುತ್ತದೆ, ಅಂದರೆ ಎಲ್ಲವೂ ಬಂದೂಕಲ್ಲ. ಆದರೆ 2022ರಿಂದ ಸೈನಿಕರ ಭರ್ತಿ ಅಗ್ನಿಪಥ ಯೋಜನೆಯಲ್ಲಿ: ನಾಲ್ಕು ವರ್ಷ ಕೆಲಸ, ಮೊದಲ ವರ್ಷ ಕೈಗೆ ತಿಂಗಳಿಗೆ 21,000, ಕೊನೆಗೆ ಸುಮಾರು 11.7 ಲಕ್ಷ, ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬನನ್ನು. ಓಟದಲ್ಲಿ ಗೆದ್ದವನ ಮನೆಗೆ ಅದು ದೊಡ್ಡ ಆಸರೆ, ಬೇಡ ಅನ್ನುವವರು ಯಾರು? ಆದರೆ ಪಕ್ಕದ ಮನೆಯ ವಿಧವೆಗೆ ಭರ್ತಿಯಲ್ಲಿ ಜಾಗವಿಲ್ಲ. ಪಿಂಕ್ ಕಾರ್ಡಿನಲ್ಲಿ ಅವಳೂ ಒಂದು ತಲೆ. ದೇಶಕ್ಕೆ ಸೇನೆ ಬೇಕು, ಬಡತನಕ್ಕೆ ಮದ್ದು ಎಂದು ಅದನ್ನು ಮಾರಬೇಡಿ.

ಕಾರ್ಡಿನ ಬಣ್ಣದ ವಿಷಯದಲ್ಲಿ ಎಚ್ಚರ. ಮನೆ 1,000 ಚದರ ಅಡಿಗಿಂತ ದೊಡ್ಡದಿದ್ದರೆ, ತಿಂಗಳ ಆದಾಯ 25,000 ದಾಟಿದ್ದರೆ, ಟ್ಯಾಕ್ಸಿಯಲ್ಲದ ಕಾರು ಇದ್ದರೆ ಪಿಂಕ್ ಸಿಗದು. ಹಾಗಿದ್ದೂ ಇಟ್ಟುಕೊಂಡವರು ಪೇಟೆ ಬೆಲೆ ಕಟ್ಟಬೇಕಾದೀತು. ಆದ್ಯತಾ ಪಟ್ಟಿಯ ಹೊರಗಿನ, ಆದರೆ ಸಬ್ಸಿಡಿ ಇರುವ ನೀಲಿ ಕಾರ್ಡಿಗೆ ತಲೆಗೆ 2 ಕಿಲೋ ಅಕ್ಕಿ, ಕಿಲೋಗೆ 4 ರೂಪಾಯಿಯಂತೆ.

ಮಂಗಳೂರಿನಲ್ಲಿ ಕೂಲಿಗಿರುವವರು ಅಕ್ಕಿಗಾಗಿ ಊರಿಗೆ ಬರಬೇಕಿಲ್ಲ. ಹಳದಿ (ಕಡುಬಡವರ ಅಂತ್ಯೋದಯ), ಪಿಂಕ್ ಕಾರ್ಡಿದ್ದು ಆಧಾರ್ ಜೋಡಣೆ, ಇ-ಕೆವೈಸಿ ಮುಗಿದಿದ್ದರೆ ಅಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳೊತ್ತಿ ತಮ್ಮ ಪಾಲು ತೆಗೆಯಬಹುದು. ನೀಲಿ, ಬಿಳಿ (ಸಬ್ಸಿಡಿ ಇಲ್ಲದ) ಕಾರ್ಡಿಗೆ ಈ ಸೌಲಭ್ಯ ಗಡಿಯಾಚೆ ನಡೆಯುವುದಿಲ್ಲ.